ಮೂರನೇ ಕೂಗು

ಕೋರ್ಟು-ಕಚೇರಿಯ ಪತ್ತೇದಾರಿ ಕಾದಂಬರಿಗಳೆಂದರೆ ನನಗೆ ಹುಚ್ಚು. ಕೂಕಟ್‌ಪಲ್ಲಿಯಿಂದ ಹೈಟೆಕ್ ಸಿಟಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಅವನ್ನೇ ಓದುತ್ತಿದ್ದೆ. ಕಟಕಟೆಯಲ್ಲಿ ಬಾಯಿಬಿಡದ ಸಾಕ್ಷಿ ಬಂದರೆ ಪುಸ್ತಕ ಮುಚ್ಚಿ ಬೈಯುತ್ತಿದ್ದೆ: ಕಂಡದ್ದನ್ನು ಹೇಳಲು ಇವರಿಗೇನು ಧಾಡಿ?

ಆಮೇಲೊಂದು ದಿನ ನಾನೇ ಸಾಕ್ಷಿಯಾದೆ. ನಮ್ಮ ಫ್ಲ್ಯಾಟಿನ ಪಕ್ಕ ಏಳುತ್ತಿದ್ದ ಕಟ್ಟಡದಲ್ಲಿ, ಇನ್ನೂ ಗಟ್ಟಿಯಾಗದ ತಾರಸಿಯ ಆಸರೆ ಕಂಬಗಳನ್ನು ಗುತ್ತಿಗೆದಾರ ಬೈದು ಬೈದು ತೆಗೆಸಿದ್ದ. ತಾರಸಿ ಕುಸಿದು ಕೂಲಿಯವನೊಬ್ಬ ಸತ್ತ. ನಾನು ಬಾಲ್ಕನಿಯಿಂದ ನೋಡಿದ್ದೆ. ಕೆಳಗೆ ಮರಳು ಹೊರುತ್ತಿದ್ದ ಯಾದಗಿರಿ ಕಡೆಯ ಹೆಂಗಸು ಹತ್ತಿರದಿಂದಲೇ ನೋಡಿದ್ದಳು.

ಕೋರ್ಟಿನ ಹೊರಗೆ ಒಂದೇ ಬೆಂಚಿನಲ್ಲಿ ಇಬ್ಬರೂ ಕೂತಿದ್ದೆವು. ಜವಾನ ಬಾಗಿಲಿಗೆ ಬಂದು ಅವಳ ಹೆಸರು ಕೂಗಿದ. ಅವಳು ಕದಲಲಿಲ್ಲ. ಮತ್ತೆ ಕೂಗಿದ.

“ನಿಮ್ಮನ್ನೇ ಕರೀತಿರೋದು, ಏಳಿ,” ಎಂದೆ.

“ಸುಮ್ಕಿರ್ರಿ ಅಕ್ಕಾರ,” ಎಂದಳು ನೆಲ ನೋಡುತ್ತ. “ನನ್ನ ಗಂಡ ಇನ್ನೂ ಅವರ ಕೈಯಾಗ ಕೆಲಸ ಮಾಡಾಕತ್ತಾನ್ರಿ.”

ಮೂರನೇ ಸಲವೂ ಕೂಗಿ ಜವಾನ ಒಳಗೆ ಹೋದ.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಎದುರು ಬೆಂಚಿನಲ್ಲಿದ್ದ ಗುತ್ತಿಗೆದಾರನ ಕಡೆಯವನು ಎದ್ದು ಬಂದು ನನ್ನ ಕೈಗೆ ಚಹಾದ ಲೋಟ ಕೊಟ್ಟ. ಅವನನ್ನು ನಾನು ಅದುವರೆಗೆ ಮಾತಾಡಿಸಿದ್ದೇ ಇಲ್ಲ.

“ಸಕ್ಕರೆ ಹಾಕಿಸಿಲ್ಲ ಮೇಡಂ,” ಎಂದ ಹಿಂದಿಯಲ್ಲಿ, ಮೆಲ್ಲಗೆ. “ಮನೆಯಲ್ಲಿ ನೀವು ಹಾಗೇ ಕುಡಿಯುತ್ತೀರಲ್ಲ.”

ಜವಾನ ಮತ್ತೆ ಬಾಗಿಲಿಗೆ ಬಂದು ನನ್ನ ಹೆಸರು ಕೂಗಿದ. ನಾನು ಲೋಟ ನೋಡುತ್ತ ಕೂತೇ ಇದ್ದೆ.

ಅವನು ಎರಡನೇ ಸಲ ಕೂಗಿದ.