ಸವರಿ ಕೂರುತ್ತಿದ್ದ ಮೇಷ್ಟ್ರು

ಕಲ್ಲಿನ ಮೇಲೆ ಕೂರುವ ಮೊದಲು ಪುಟ್ಟಸ್ವಾಮಿ ಮೇಷ್ಟ್ರು ಅದನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು. ಧೂಳು ಒರೆಸಲು ಅಲ್ಲ. ಧೂಳಿಗೆ ಹೆದರುವ ಜೀವವೇ ಅದಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆ, ಬಾವಿಯ ಪಕ್ಕದ ಚಪ್ಪಡಿ, ನಮ್ಮ ಮನೆಯ ಮೆಟ್ಟಿಲು, ಯಾವುದಾದರೂ ಸರಿ, ಕಣ್ಣು ಅರೆಮುಚ್ಚಿ ಬೆರಳಾಡಿಸಿ, ಅಕ್ಷರವಾಗಲಿ ಚಿತ್ರವಾಗಲಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕೂರುತ್ತಿದ್ದರು. "ಯಾರ್ ಎದೆ ಮೇಲೆ ಕೂರ್ತೀವೋ ಏನೋ, ನೋಡ್ಕಂಡು ಕೂರ್ಬೇಕು ಕಣವ್ವ" ಎನ್ನುತ್ತಿದ್ದರು. ನಮ್ಮಜ್ಜಿ ಮಾತ್ರ ಮೇಷ್ಟ್ರಿಗೆ ಮೂಲವ್ಯಾಧಿ ಇರಬೇಕು ಪಾಪ ಎಂದು ಮರುಗಿ, ಅವರು ಬಂದಾಗಲೆಲ್ಲ ತಪ್ಪದೆ ಮಜ್ಜಿಗೆ ಕೊಡುತ್ತಿದ್ದಳು.

ಅವರು ನಾಗಮಂಗಲದ ಕಡೆಯವರು. ತೊಂಬತ್ತರ ದಶಕದ ಶುರುವಿನಲ್ಲಿ ಅರಕೆರೆಗೆ ಹತ್ತಿರದ ನಮ್ಮೂರಿನ ಹೈಸ್ಕೂಲಿಗೆ ಇತಿಹಾಸ ಹೇಳಲು ಬಂದರು. ರಾಗಿ ಸೀಮೆಯಿಂದ ಬಂದ ಅವರಿಗೆ ನಾಲೆಯ ನೀರು, ಭತ್ತದ ಗದ್ದೆ ಕಂಡರೆ ಸಂತೋಷ; ನಮ್ಮನ್ನು ಕಂಡರೆ ಸಂಕಟ. ಪಾಣಿಪತ್ ಯುದ್ಧದ ಕಾರಣ, ಪರಿಣಾಮ ನಮಗೆ ಬಾಯಿಪಾಠ. ನಮ್ಮೂರ ಕೆರೆ ಕಟ್ಟಿಸಿದವರು ಯಾರು ಎಂದರೆ, ಅದು ಮೊದಲಿಂದಲೂ ಇದೆ ಸಾರ್ ಎನ್ನುತ್ತಿದ್ದೆವು. ಶಾಲೆಯಲ್ಲಿ ಇತಿಹಾಸದ ಪಾಠಕ್ಕೆಂದು ಇದ್ದದ್ದು ಒಂದೇ ಒಂದು ಭೂಪಟ. ಅದರಲ್ಲೂ ಮೈಸೂರಿನ ಸುತ್ತಮುತ್ತ ಇಲಿ ಕಡಿದು ತೂತಾಗಿತ್ತು. ಮೇಷ್ಟ್ರು ಅದನ್ನೇ ಗೋಡೆಗೆ ನೇತುಹಾಕಿ, ನಾವಿರುವ ಜಾಗವನ್ನು ಇಲಿ ತಿಂದುಹಾಕಿದೆ, ಇನ್ನು ನಾವೇ ಹುಡುಕಿಕೊಳ್ಳಬೇಕು ಎಂದರು. ಅಲ್ಲಿಂದಾಚೆ ಶನಿವಾರದ ಪಾಠ ಊರೊಳಗೆ, ಗದ್ದೆ ಬಯಲಲ್ಲಿ.

ಹಾಗೆ ಅಲೆಯುವಾಗಲೇ ನಮ್ಮ ದೊಡ್ಡಪ್ಪನ ಗದ್ದೆಯ ಬದುವಿನ ಮೇಲೆ ಅರ್ಧ ಹೂತುಹೋಗಿದ್ದ ಕಲ್ಲು ಅವರ ಕಣ್ಣಿಗೆ ಬಿತ್ತು. ನಾವು ಅದಕ್ಕೆ ಎಮ್ಮೆ ಕಟ್ಟುತ್ತಿದ್ದೆವು. ಎಮ್ಮೆಗಳು ಅದಕ್ಕೆ ಬೆನ್ನು ಉಜ್ಜಿ ಉಜ್ಜಿ ಒಂದು ಮಗ್ಗುಲು ನುಣ್ಣಗಾಗಿತ್ತು. ಮೇಷ್ಟ್ರು ತೆಂಗಿನ ನಾರು ತರಿಸಿ, ನಾಲೆ ನೀರು ಹೊಯ್ದು ತಿಕ್ಕಿದರು. ಸಗಣಿಯ ಕೆಳಗಿನಿಂದ ಮೊದಲು ಒಬ್ಬನನ್ನು ಹೊತ್ತೊಯ್ಯುವ ದೇವಕನ್ಯೆಯರು ಬಂದರು, ಆಮೇಲೆ ಅಕ್ಷರಗಳ ಒಂದು ಸಾಲು. ಇದು ವೀರಗಲ್ಲು ಎಂದರು ಮೇಷ್ಟ್ರು. ಅದರ ಮೇಲೆ ಕಾಗದ ಹಿಡಿಸಿ, ಇದ್ದಿಲ ಪುಡಿಯಿಂದ ನಮ್ಮ ಕೈಯಲ್ಲೇ ಅಚ್ಚು ತೆಗೆಸಿದರು. ಓದಲು ಅವರಿಗೂ ಬಹಳ ದಿನ ಹಿಡಿಯಿತು.

ಕೊನೆಗೆ ಒಂದು ಬೆಳಿಗ್ಗೆ ತರಗತಿಗೆ ಬಂದವರು ಹಾಜರಿ ಕೂಗುವುದನ್ನೂ ಮರೆತು, "ನಿಮ್ಮೂರ್ ದನ ಹೊಡ್ಕಂಡೋಗಿದ್ರು. ಬುಡಿಸ್ಕಂಡು ಬಂದವ್ನೆ. ಅವನು ಮಾತ್ರ ಉಳೀನಿಲ್ಲ" ಎಂದರು. ನಿನ್ನೆ ಮೊನ್ನೆ ಸತ್ತವನ ಸುದ್ದಿ ಹೇಳಿದ ಹಾಗಿತ್ತು.

ಸಾಲು ಅಲ್ಲಿಗೇ ಮುಗಿದಿತ್ತು. ಅವನ ಹೆಸರು ಕೆಳಗಿನ ಸಾಲಿನಲ್ಲಿ, ಮಣ್ಣಿನೊಳಗೆ ಇರಬೇಕು ಎಂದರು ಮೇಷ್ಟ್ರು. ಆದರೆ ಗದ್ದೆಗೆ ಆಗಷ್ಟೇ ನಾಟಿಯಾಗಿತ್ತು, ನೀರು ತುಂಬಿ ನಿಂತಿತ್ತು. ಕಲ್ಲಿನ ಬುಡ ಅಗೆದರೆ ಬದು ಒಡೆಯುತ್ತದೆ. ಕುಯ್ಲಾಗಲಿ, ನಾಲೆ ನಿಲ್ಲಲಿ, ಆಮೇಲೆ ತಾನೇ ಗುದ್ದಲಿ ಹಿಡಿಯುತ್ತೇನೆ ಎಂದು ದೊಡ್ಡಪ್ಪ ಮಾತು ಕೊಟ್ಟ. ಮೇಷ್ಟ್ರು ಒಪ್ಪಿದರು. ವಾಪಸ್ಸು ಬರುವಾಗ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಎಸ್ರಿಲ್ದೆ ಸತ್ತೋನು ಇನ್ನೂ ಮನೆಗ್ ಬಂದಿಲ್ಲ ಅಂತ್ಲೇ ಲೆಕ್ಕ ಕಣವ್ವ. ಕರ್ಕಂಡು ಬರ್ಬೇಕು."

ಅಷ್ಟರಲ್ಲಿ ಪಾಂಡವಪುರದಲ್ಲಿ ಸುತ್ತಲ ತಾಲ್ಲೂಕುಗಳ ಶಾಲೆಗಳಿಗೆ ಇತಿಹಾಸದ ವಸ್ತುಪ್ರದರ್ಶನದ ಸ್ಪರ್ಧೆ ಬಂತು. ಶ್ರೀರಂಗಪಟ್ಟಣದ ಕೋಟೆಯನ್ನು ಥರ್ಮಾಕೋಲಿನಲ್ಲಿ ಮಾಡೋಣ ಎಂದೆವು ನಾವು. ಮೇಷ್ಟ್ರು ನಕ್ಕು, "ಎಲ್ರೂ ರಾಜರನ್ನೇ ತತ್ತಾರೆ. ನಾವು ದನ ಕಾಯ್ದೋನ್ನ ಕರ್ಕಂಡೋಗವ" ಎಂದರು. ಅವರೆಂದಂತೆಯೇ ಆಯಿತು. ಅಲ್ಲಿ ಥರ್ಮಾಕೋಲಿನ ಕೋಟೆಗಳು ಸಾಲುಗಟ್ಟಿದ್ದವು, ಕೆ.ಆರ್. ಪೇಟೆಯ ಹುಡುಗರು ಸೋಪಿನಲ್ಲಿ ಕೆತ್ತಿದ ಗುಡಿಯ ಮುಂದೆ ಜನ ಮುತ್ತಿದ್ದರು. ನಮ್ಮದು ಒಂದು ಮಸಿ ಮೆತ್ತಿದ ಕಾಗದ, ಮತ್ತು ಪಕ್ಕದಲ್ಲಿ ನಿಂತು ಕತೆ ಹೇಳುವ ನಾನು. ಮೊದಲ ಬಹುಮಾನ ನಮಗೇ ಬಂತು. ಊರಿನವರು ಟ್ರಾಕ್ಟರಿನಲ್ಲಿ ತಮಟೆ ಹೊಡೆಸಿಕೊಂಡು ಬಂದು, ಅರಕೆರೆಯಿಂದ ಶೀಲ್ಡಿನ ಮೆರವಣಿಗೆ ಮಾಡಿದರು. ಮೇಷ್ಟ್ರು ಅಷ್ಟು ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ದಸರಾ ರಜೆಗೆ ಅವರು ಊರಿಗೆ ಹೋದರು. ಇತ್ತ ದೊಡ್ಡಪ್ಪನಿಗೆ ನಿದ್ದೆ ಬರಲಿಲ್ಲ. ಊರ ದನ ಉಳಿಸಿದ ಪುಣ್ಯಾತ್ಮನಿಗೆ ಎಮ್ಮೆ ಕಟ್ಟಿಬಿಟ್ಟೆವಲ್ಲ ಎಂದು ಕೂತಲ್ಲಿ ನಿಂತಲ್ಲಿ ಪರಿತಪಿಸಿದ. ಊರೆಲ್ಲ ಸೇರಿ ಬದುವನ್ನು ಅಗಲ ಮಾಡಿ, ಕಲ್ಲಿನ ಬುಡದ ಸುತ್ತ ಕಾಂಕ್ರೀಟು ಸುರಿದು ಕಟ್ಟೆ ಕಟ್ಟಿದರು. ವೀರನಿಗೆ ಕೆಂಪು, ದೇವಕನ್ಯೆಯರಿಗೆ ಹಳದಿ ಆಯಿಲ್ ಪೇಂಟು. ಅಕ್ಷರದ ಸಾಲು ವಿಕಾರವಾಗಿ ಕಾಣುತ್ತದೆಂದು ಅದರ ಮೇಲೆ ದಪ್ಪಗೆ ಗಾರೆ ಮೆತ್ತಿ ಬಿಳಿ ಬಳಿದರು. ಪೂಜೆಗೆ ಮೇಷ್ಟ್ರೇ ಮುಖ್ಯ ಅತಿಥಿ.

ಬಸ್ಸಿನಿಂದ ಇಳಿದ ಮೇಷ್ಟ್ರು ಸೀದಾ ಅಲ್ಲಿಗೆ ಬಂದು, ಅಭ್ಯಾಸದಂತೆ ಕಲ್ಲನ್ನು ಸವರಿದರು. ಹಸಿ ಬಣ್ಣ ಅಂಗೈಗೆ ಅಂಟಿತು. ಕಟ್ಟೆಯ ಕಡೆ ಬಗ್ಗಿ ನೋಡಿದರು. ಕೆಳಗಿನ ಸಾಲು ಕಾಣುವಷ್ಟು ಒಂದು ಪಕ್ಕದಲ್ಲಿ ಬಿಡಿಸಬಹುದೇ ಎಂದು ದೊಡ್ಡಪ್ಪನನ್ನು ಮೆಲ್ಲಗೆ ಕೇಳಿದರು.

"ಪ್ರತಿಷ್ಠೆ ಆಗೋಗದೆ ಮೇಷ್ಟ್ರೇ. ಈಗ ಉಳಿ ಇಕ್ಕುದ್ರೆ ಊರಿಗೆ ಕೇಡು" ಎಂದ ದೊಡ್ಡಪ್ಪ. ಆಮೇಲೆ ಅವರ ಮುಖ ನೋಡಿ ಗಾಬರಿಯಾಗಿ, "ಯಾಕೆ, ನಾವ್ ಮಾಡಿದ್ದು ತಪ್ಪಾ?" ಎಂದು ಕೇಳಿದ.

ಹೊಸ ಪಂಚೆ ಉಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ನಿಂತಿದ್ದ ದೊಡ್ಡಪ್ಪನನ್ನು ಮೇಷ್ಟ್ರು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮ್ದೇನೂ ತಪ್ಪಿಲ್ಲ ಗೌಡ್ರೇ. ನಾನೇ ಅರ್ಧ ಕತೆ ಹೇಳ್ಬುಟ್ಟೆ."

ಆಮೇಲೆ ಹಾರ ಹಾಕಿಸಿಕೊಂಡರು, ನಾಲ್ಕು ಮಾತೂ ಆಡಿದರು. ಮೈಕು ಹಿಡಿದ ಕೈಯಲ್ಲಿ ಕೆಂಪು ಬಣ್ಣ ಹಾಗೇ ಇತ್ತು.

ಮುಂದೆ ಅವರು ಯಾವ ಸ್ಪರ್ಧೆಗೂ ಮಕ್ಕಳನ್ನು ಕರೆದೊಯ್ಯಲಿಲ್ಲ. ಶನಿವಾರವೂ ಪುಸ್ತಕ ನೋಡಿಕೊಂಡೇ ಪಾಠ ಮಾಡಿದರು, ಚೆನ್ನಾಗಿಯೇ ಮಾಡಿದರು. ಮಾರನೆಯ ವರ್ಷ ಕೆ.ಆರ್. ಪೇಟೆ ಕಡೆಗೆ ವರ್ಗ ಕೇಳಿಕೊಂಡು ಹೋದರು. ಊರು ಅವರಿಗೆ ಒಳ್ಳೆಯದನ್ನೇ ಮಾಡಲು ಹೋಗಿ ಅವರನ್ನು ಕಳೆದುಕೊಂಡಿತು.

ಕೊನೆಯ ಸಲ ಅವರು ಸಿಕ್ಕಿದ್ದು ಬೆಳ್ಳೂರು ಕ್ರಾಸಿನಲ್ಲಿ. ನಾನು ಹಾಸನದ ಬಸ್ಸು ಕಾಯುತ್ತಿದ್ದೆ. ಹೋಟೆಲಿನ ಮುಂದಿನ ಕಲ್ಲುಚಪ್ಪಡಿಯ ಹತ್ತಿರ ಟೀ ಲೋಟ ಹಿಡಿದು ಬಂದರು, ಸವರದೆಯೇ ಕೂತುಬಿಟ್ಟರು. ನಾನೂ ಮೇಷ್ಟ್ರ ಕೆಲಸಕ್ಕೇ ಓದುತ್ತಿರುವೆನೆಂದು ತಿಳಿದು ಖುಷಿಪಟ್ಟರು. ಟೀ ಕುಡಿದು ಮುಗಿಸಿ, "ಅವನ ಎಸ್ರು ಏನಾರ ಗೊತ್ತಾಯ್ತೇನವ್ವ?" ಎಂದರು. ಇಲ್ಲ ಸಾರ್ ಎಂದೆ. ತಲೆಯಾಡಿಸಿ ಲೋಟ ಕೆಳಗಿಟ್ಟರು. ಮಾರನೆಯ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಕಲ್ಲಿಗೆ ಈಗಲೂ ಪ್ರತಿ ದಸರಾಕ್ಕೆ ಹೊಸ ಬಣ್ಣ. ಹೋದ ಸಲ ಊರಿಗೆ ಹೋದಾಗ ಕಟ್ಟೆಯ ಮೇಲೆ ಒಬ್ಬಳು ಶಾಲೆಯ ಹುಡುಗಿ ಕೂತಿದ್ದಳು. ಇದು ಯಾರ ಕಲ್ಲಮ್ಮ ಎಂದು ಕೇಳಿದೆ.

"ಮೇಷ್ಟ್ರು ಕಲ್ಲು. ಯಾರೋ ಮೇಷ್ಟ್ರು ದನ ಬುಡಿಸ್ಕಳಕ್ಕೋಗಿ ಸತ್ತೋದ್ರಂತೆ" ಎಂದಳು.

ಅಲ್ಲಮ್ಮ, ಮೇಷ್ಟ್ರು ಬೇರೆ, ದನ ಬಿಡಿಸಿ ಸತ್ತವನು ಬೇರೆ ಎಂದೆ.

"ಅಂಗಾರೆ ಅವನ ಎಸ್ರೇನು?" ಎಂದು ಕೇಳಿದಳು.

ನಾನು ಕಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿ, ಅವಳ ಪಕ್ಕದಲ್ಲಿ ಕೂತೆ.