ಚೂರು ಮಾಡಿಕೊಟ್ಟ ಪೂರಿ

ಜನ ಚಟ ಯಾಕೆ ಬಿಡುತ್ತಾರೆ, ಯಾಕೆ ಬಿಡುವುದಿಲ್ಲ ಎಂದು ಸಂಶೋಧನೆ ಮಾಡುವವರ ಹತ್ತಿರ ನನಗೆ ಕೆಲಸ. ಬೇತಮಂಗಲದ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು, ಚಟ ಬಿಡಿ ಎಂದು ನಾಲ್ಕು ಮಾತು ಹೇಳುವುದು, ಉತ್ತರ ತಂದು ಒಪ್ಪಿಸುವುದು. ಊರಿಗೆಲ್ಲ ಬುದ್ಧಿ ಹೇಳುವ ಈ ಹೆಂಗಸಿನ ಗಂಡನ ದವಡೆಯಲ್ಲಿ ಮಾತ್ರ ಹೊತ್ತು ಮೂಡಿದಾಗಿನಿಂದ ಗುಟ್ಕಾ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ನನ್ನವರಿಗೆ ನಲವತ್ತು, ಕಾರ್ಖಾನೆಯ ಕೆಲಸ. ಕಳೆದ ವರ್ಷ ಅವರ ಬಾಯಿ ಬಿಗಿಯತೊಡಗಿತು. ಆಕಳಿಸಿದರೆ ನೋವು, ತುತ್ತು ದಿನೇ ದಿನೇ ಚಿಕ್ಕದು. ಡಾಕ್ಟರು ಬೆರಳಿಟ್ಟು ನೋಡಿ, "ಇವತ್ತೇ ಬಿಡಿ. ಇಲ್ಲದಿದ್ರೆ ಬಾಯಿ ಕಚ್ಚಿಕೊಂಡೇ ಬಿಡುತ್ತೆ, ಕ್ಯಾನ್ಸರೂ ಆಗಬಹುದು" ಎಂದರು. ಇವರು ಗಂಭೀರವಾಗಿ ತಲೆಯಾಡಿಸಿ, ಹೊರಗಿನ ಮೆಟ್ಟಿಲ ಮೇಲೇ ಪಾಕೀಟು ಹರಿದು ಬಾಯಿಗೆ ಸುರಿದುಕೊಂಡರು! ನಾನು ಕೆಲಸದಲ್ಲಿ ಕಲಿತ ಉಪಾಯಗಳನ್ನೆಲ್ಲ ಹೂಡಿದೆ. ಹೆದರಿಸುವ ಚಿತ್ರ ತೋರಿಸಿದೆ, ಜೇಬಿಗೆ ಸೋಂಪು ತುಂಬಿದೆ, ಮಗಳ ತಲೆ ಮುಟ್ಟಿಸಿ ಆಣೆ ಹಾಕಿಸಿದೆ. "ಬುಡ್ತೀನಿ ಕಣೇ, ನಾಳೆಯಿಂದ" ಎನ್ನುತ್ತಿದ್ದರು. ಬೈದು ಬೈದು ಸಾಕಾಗಿ ಒಬ್ಬಳೇ ಕೂತು ಅತ್ತಿದ್ದೇನೆ.

ಒಂದು ಭಾನುವಾರ ಇಬ್ಬರೂ ಬಂಗಾರಪೇಟೆಗೆ ಹೋದವರು ಪಾನಿಪೂರಿ ಗಾಡಿಯ ಮುಂದೆ ನಿಂತೆವು. ಖಾರ ಕಮ್ಮಿ ಇರಲಿ ಎಂದು ಹೇಳಿಯೇ ಇವರು ತಟ್ಟೆ ಹಿಡಿದರು. ಮೊದಲ ಪೂರಿ ತುಟಿಯಲ್ಲೇ ಒಡೆದು ನೀರೆಲ್ಲ ಅಂಗಿಯ ಮೇಲೆ. ಎರಡನೆಯದೂ ಹಾಗೇ. ಗಾಡಿಯವನು ನಗಲಿಲ್ಲ. ಮುಂದಿನ ಪೂರಿಯನ್ನು ತಟ್ಟೆಯಲ್ಲೇ ಚೂರು ಮಾಡಿ, ನೀರು ಹೊಯ್ದು, ಚಮಚ ಇಟ್ಟು ಕೊಟ್ಟ.

"ವಯಸ್ಸಾದೋರ್ಗೆಲ್ಲ ಇಂಗೇ ಕೊಡೋದು ಸಾರ್. ನಿದಾನಕ್ಕೆ ತಿನ್ನಿ" ಎಂದ, ತುಂಬ ಪ್ರೀತಿಯಿಂದ.

ಇವರು ಚಮಚ ಎತ್ತಿ ತಟ್ಟೆ ಖಾಲಿ ಮಾಡಿದರು. ವಾಪಸು ಬರುವಾಗ ಮಾರಿಕುಪ್ಪಂ ರೈಲಿನ ಕಿಟಕಿಯಿಂದ ಜೇಬಿನಲ್ಲಿದ್ದ ಪಾಕೀಟುಗಳನ್ನೆಲ್ಲ ಎಸೆದರು. ಆಮೇಲೆ ನಿದ್ದೆ ಕೆಟ್ಟಿತು, ನನ್ನ ಮೇಲೆ ರೇಗಾಡಿದರು. ಗುಟ್ಕಾ ಮಾತ್ರ ಮುಟ್ಟಲಿಲ್ಲ.

ಸಾವಿಗೇ ಜಗ್ಗದ ಮನುಷ್ಯ ಒಂದು ಚಮಚಕ್ಕೆ ಬಗ್ಗಿದ್ದು ಹೇಗೆ? ಹಳ್ಳಿಯವರನ್ನು ಕೇಳುವ ಹಾಗೇ ಇವರನ್ನೂ ಕೇಳಿದೆ, ಯಾಕೆ ಬಿಟ್ಟಿರಿ ಎಂದು.

"ನಂಗೂ ಗೊತ್ತಿಲ್ಲ ಕಣೇ. ಬುಟ್ಟೆ, ಅಷ್ಟೇ."

ಚಟ ಬಿಟ್ಟರೂ ಬಿಗಿದ ಬಾಯಿ ತಾನಾಗಿ ಸಡಿಲವಾಗುವುದಿಲ್ಲವಂತೆ, ವ್ಯಾಯಾಮ ಮಾಡಲೇಬೇಕು. ಈಗ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು, ಐಸ್‌ಕ್ರೀಂ ಕಡ್ಡಿಗಳನ್ನು ಒಟ್ಟಿಗೆ ಕಟ್ಟಿ ಹಲ್ಲುಗಳ ನಡುವೆ ತೂರಿಸಿಕೊಳ್ಳುತ್ತಾರೆ; ಒಂದೊಂದು ಕಡ್ಡಿ ಹೆಚ್ಚಿದಷ್ಟೂ ಬಾಯಿ ಅಷ್ಟಷ್ಟು ತೆರೆಯಬೇಕು. ಇಂಜೆಕ್ಷನ್ ಎಂದರೆ ಓಡಿಹೋಗುವ ಆಸಾಮಿ! ಕಣ್ಣಿಂದ ನೀರು ಇಳಿಯುತ್ತಿರುತ್ತದೆ. ನಿನ್ನೆ ಆ ಕಟ್ಟು ಬಾಯಲ್ಲಿ ಕೂತ ಮೇಲೆ, ಮಾತಾಡಲಾಗದೆ ನನ್ನ ಕಡೆ ಕೈ ಚಾಚಿ ಇನ್ನೊಂದು ಕಡ್ಡಿ ಕೊಡು ಎಂದು ಸನ್ನೆ ಮಾಡಿದರು.