ಪ್ಲಾಸ್ಟಿಕ್ಕಿನ ಮೂರನೇ ಪಿನ್ನು

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಗೇಟಿನಿಂದ ವಾಪಸು ಬಂದು ನೋಡುವ ಜಾತಿಯವನು ನಾನು. ನೋಡುವಾಗ ಕೈ ತಗಲಿ ಆನ್ ಆಗಿಬಿಟ್ಟಿತೇನೋ ಎಂದು ಇನ್ನೊಮ್ಮೆ ಬರುವುದೂ ಉಂಟು. ಇಂಥವನನ್ನು ನೈರೋಬಿಯ ಔಷಧಿ ಕಾರ್ಖಾನೆಯೊಂದು ಮೇಂಟೆನೆನ್ಸ್ ಎಂಜಿನಿಯರ್ ಮಾಡಿಕೊಂಡು, ಜೊತೆಗೆ ಸುರಕ್ಷತಾ ಸಮಿತಿಯನ್ನೂ ತಲೆಗೆ ಕಟ್ಟಿತ್ತು. ನನಗೆ ಅದು ಕೆಲಸ ಅನ್ನಿಸಲೇ ಇಲ್ಲ. ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದುದನ್ನು ಅಲ್ಲಿ ಹೆಲ್ಮೆಟ್ ಹಾಕಿಕೊಂಡು ಮಾಡುತ್ತಿದ್ದೆ, ಅಷ್ಟೇ.

ಆಗ ನಾವು ಅಲ್ಲಿಯ ಸೌತ್ ಬಿ ಬಡಾವಣೆಯಲ್ಲಿದ್ದೆವು. ಅಲ್ಲಿ ಜುಲೈ ಎಂದರೆ ಚಳಿಗಾಲ; ಆ ಚಳಿಗೆ ನನ್ನ ಹೆಂಡತಿಯ ಮೂಗು ಕಟ್ಟಿ, ಊರಿಂದ ತಂದಿದ್ದ ನೀಲಗಿರಿ ಎಣ್ಣೆಯ ಬಾಟಲು ತಳ ಕಂಡಿತು. ಹಿತ್ತಿಲ ಗೋಡೆಯಾಚೆ ನೀಲಗಿರಿ ಮರವೊಂದಿತ್ತು. ದಿನವೂ ಎಲೆ ನಮ್ಮ ಕಡೆಗೇ ಉದುರುತ್ತಿತ್ತು. ಎಣ್ಣೆ ನಾನೇ ಇಳಿಸುತ್ತೇನೆ ಎಂದೆ. ಉಪಾಯ ಸರಳ: ಸ್ಟೀಲಿನ ಡ್ರಮ್ಮಿನಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಎಲೆ. ಆವಿ ಎಲೆಯ ಎಣ್ಣೆಯನ್ನೂ ಹೊತ್ತುಕೊಂಡು ತಾಮ್ರದ ಸುರುಳಿಗೆ ನುಗ್ಗಿ, ತಣ್ಣೀರಿನ ಬಕೆಟ್ಟಿನಲ್ಲಿ ತಣಿದು, ತೊಟ್ಟಿಕ್ಕಬೇಕು.

ರಿವರ್‌ಸೈಡ್ ಬಡಾವಣೆಯಲ್ಲಿದ್ದ ಕನ್ನಡದ ಗೆಳೆಯರೊಬ್ಬರು, ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವರು, ಸುದ್ದಿ ಕೇಳಿ ನಕ್ಕರು. "ಸಾರ್, ಎಣ್ಣೆ ಅಂತ ಹೆಸರು ಹೇಳಿ ಚಾಂಗಾ ಕಾಯಿಸ್ತಿದೀರೇನು? ಶನಿವಾರ ಬರ್ತೀನಿ, ನನಗೂ ಒಂದ್ ಲೋಟ ಇಟ್ಟಿರಿ." ಚಾಂಗಾ ಎಂದರೆ ಇಲ್ಲಿಯ ಕಳ್ಳಬಟ್ಟಿ. ನಾನು ನಗಲಿಲ್ಲ. ಪೊಲೀಸರು ಬಂದರೆ ಎಲೆಗಳನ್ನು ತೋರಿಸಬೇಕೆಂದು ಒಂದು ಚೀಲ ಬಾಗಿಲ ಹತ್ತಿರವೇ ಇಟ್ಟೆ.

ಡ್ರಮ್ಮಿಗೆ ಗೀಸರಿನ ಎಲಿಮೆಂಟ್ ಕೂರಿಸಲು ಮೂರು ಭಾನುವಾರ ತೆಗೆದುಕೊಂಡೆ. ಡ್ರಮ್ಮಿನ ಮೈ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ಹಲ್ಲಿನ ವಾಷರ್ ಹಾಕಿ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರನ್ನು ಬೋಲ್ಟಿನಲ್ಲಿ ಬಿಗಿದೆ. ವೈರ್ ಒಳಹೋಗುವಲ್ಲಿ ರಬ್ಬರ್ ಹಾಕಿದೆ, ಎಲಿಮೆಂಟಿನ ತುದಿಗಳ ಮೇಲೆ ಮುಚ್ಚಳ ಕೂರಿಸಿದೆ. ಎಲಿಮೆಂಟ್ ಮುಳುಗಿ ಮೇಲೆ ನಾಲ್ಕು ಬೆರಳು ನೀರು ಇರಲೇಬೇಕೆಂದು ಕೆಂಪು ಗೆರೆ ಎಳೆದೆ. ಕಾರ್ಖಾನೆಯಿಂದ ಮೆಗ್ಗರ್ ಎಂಬ ಮಾಪಕ ತಂದು, ಕರೆಂಟ್ ಡ್ರಮ್ಮಿನ ಮೈಗೆ ಸೋರುತ್ತಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡೆ. ಅಷ್ಟರ ಮಟ್ಟಿಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಆದರೆ ಒಂದೇ ಎಲಿಮೆಂಟಿನಲ್ಲಿ ನೀರು ಕುದಿಯಲು ಎರಡು ಗಂಟೆ ಹಿಡಿಯುತ್ತಿತ್ತು. ಶನಿವಾರ ಆ ಗೆಳೆಯರ ಮುಂದೆ ಅಷ್ಟು ಹೊತ್ತು ಏನು ಮಾತಾಡುವುದು? ಶುಕ್ರವಾರ ಸಂಜೆ ಗಡಿಬಿಡಿಯಲ್ಲಿ ಎರಡನೆಯದನ್ನು ಕೂರಿಸಿದೆ. ಮುಚ್ಚಳ ಸರಿಹೋಗಲಿಲ್ಲ, ಟೇಪ್ ಸುತ್ತಿದೆ. ಅದರ ವೈರು ನಮ್ಮ ಬೆಂಗಳೂರಿನ ಹಳೇ ಗೀಸರಿನದು, ತುದಿಯಲ್ಲಿ ದಪ್ಪ ದುಂಡು ಪಿನ್ನಿನ ಪ್ಲಗ್. ಅದನ್ನು ಕತ್ತರಿಸಿ ಇಲ್ಲಿಯ ಚೌಕ ಪಿನ್ನಿನ ಪ್ಲಗ್ ಹಾಕಲು ಹತ್ತು ನಿಮಿಷ ಸಾಕು. ನಾನು ಅಡಾಪ್ಟರ್ ಹಾಕಿದೆ.

ಬೆಂಗಳೂರಿನಿಂದ ಬಂದ ನಮ್ಮೆಲ್ಲರ ಸೂಟ್‌ಕೇಸಿನಲ್ಲೂ ಮಿಕ್ಸಿಯ ಪಕ್ಕ ಅಂಥದೊಂದು ಇದ್ದೇ ಇರುತ್ತದೆ. ಇಲ್ಲಿಯ ಸಾಕೆಟ್ಟಿನ ಮೇಲಿನ ತೂತಿಗೆ ಏನಾದರೂ ಹೋಗದೆ ಕೆಳಗಿನ ಎರಡು ತೂತಿನ ಬಾಗಿಲು ತೆರೆಯುವುದಿಲ್ಲ. ಆ ಅಗ್ಗದ ಅಡಾಪ್ಟರಿನಲ್ಲಿ ಮೂರನೇ ಪಿನ್ನು ಬರೀ ಪ್ಲಾಸ್ಟಿಕ್. ಬಾಗಿಲು ತೆರೆಯುತ್ತದೆ, ಮಿಕ್ಸಿ ತಿರುಗುತ್ತದೆ, ಅರ್ಥ್ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಇವನ್ನು ನಿಷೇಧಿಸಿದವನೇ ನಾನು. ಜಪ್ತಿ ಮಾಡಿದ್ದು ಒಂದು ಡಬ್ಬಿ ತುಂಬ ಇತ್ತು. ಆದರೂ ಮನಸ್ಸಿಗೊಂದು ಸಮಾಧಾನ ಹೇಳಿಕೊಂಡೆ: ಮೊದಲನೇ ಎಲಿಮೆಂಟಿನ ಅರ್ಥ್ ವೈರ್ ಡ್ರಮ್ಮಿಗೆ ಬಿಗಿದಿದೆಯಲ್ಲ, ಅದೇ ಇದನ್ನೂ ಕಾಯುತ್ತದೆ.

ಶನಿವಾರ ಬೆಳಿಗ್ಗೆ ಆ ಗೆಳೆಯರು ಬಂದರು. ನೀರು ಕುದಿಯಿತು, ಮೊದಲ ತೊಟ್ಟು ಬಿತ್ತು, ಹಿತ್ತಿಲೆಲ್ಲ ಘಮ್ಮೆಂದಿತು. ಇನ್ನು ಒಂದು ಎಲಿಮೆಂಟ್ ಸಾಕೆಂದು ಮೊದಲನೆಯದನ್ನು ಆಫ್ ಮಾಡಿದೆ. ಸ್ವಿಚ್ ಆಫ್ ಮಾಡಿದ್ದೇ ಸಾಕಿತ್ತು. ಆದರೆ ನಾನು ಸ್ವಿಚ್ಚನ್ನು ನಂಬುವವನೇ? ಪ್ಲಗ್ಗನ್ನೂ ಕಿತ್ತೆ. ಅದರೊಂದಿಗೆ ಡ್ರಮ್ಮಿಗಿದ್ದ ಒಂದೇ ಅರ್ಥ್ ಕೂಡ ಕಿತ್ತು ಬಂತು. ಡ್ರಮ್ಮಿನ ಮುಚ್ಚಳದ ಸಂದಿಯಿಂದ ಸೋರಿದ ಆವಿ ಎರಡನೇ ಎಲಿಮೆಂಟಿನ ಟೇಪಿನ ಮೇಲೆ ಆಗಲೇ ಹನಿಗಟ್ಟಿ, ಕರೆಂಟಿಗೆ ಡ್ರಮ್ಮಿನ ಮೈವರೆಗೆ ದಾರಿ ಮಾಡುತ್ತಿತ್ತು.

ನಮ್ಮ ಮನೆಗೆಲಸ ನೋಡಿಕೊಳ್ಳುತ್ತಿದ್ದಾಕೆ ನನ್ನದೇ ವಯಸ್ಸಿನ ಹೆಂಗಸು, ಆರು ವರ್ಷದಿಂದ ಇದ್ದವಳು. ಸ್ವಾಹಿಲಿಯಲ್ಲಿ ತಾಯಿಗೆ ಮಾಮಾ ಎನ್ನುತ್ತಾರೆ. ನಾವೂ ಆಕೆಯನ್ನು ಹಾಗೇ ಕರೆಯುತ್ತಿದ್ದೆವು. ಆಕೆಗೆ ಕನ್ನಡ ಬಾರದು, ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಬಕೆಟ್ಟಿನಿಂದ ಚೆಲ್ಲಿದ ನೀರನ್ನು ಒರೆಸಲು ಬಂದವಳು, ಎದುರಿಗಿದ್ದ ಡ್ರಮ್ಮನ್ನೂ ಒಮ್ಮೆ ಒರೆಸಿದಳು.

"ಸ್ಟೀಮಾ!" ಎಂದು ಕಿರುಚಿದಳು. ಕರೆಂಟಿಗೆ ಅವರ ಮಾತು ಅದು. ಹಿಂದಕ್ಕೆ ಬಿದ್ದು ಮೊಣಕೈ ಗೋಡೆಗೆ ಬಡಿಯಿತು. ನಾನು ಗೋಡೆಯ ಸ್ವಿಚ್ ಆರಿಸಿದೆ. ಆ ಕ್ಷಣದಲ್ಲೇ ನನಗೆ ಎಲ್ಲವೂ ತಿಳಿದಿತ್ತು. ಕಿತ್ತ ಪ್ಲಗ್ ನನ್ನ ಕಾಲ ಬಳಿಯೇ ಬಿದ್ದಿತ್ತು. ಆದರೂ ಬಾಯಿಂದ ಬಂದದ್ದು ಹೀಗೆ: "ಮಾಮಾ, ಒದ್ದೆ ಕೈಯಲ್ಲಿ ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದೀನಿ?"

ಹಾಗೆ ಒಂದು ಸಲವೂ ಹೇಳಿರಲಿಲ್ಲ.

ಆಕೆ ಮೊಣಕೈ ಹಿಡಿದುಕೊಂಡೇ "ಸಮಹಾನಿ, ಬಾಸ್" ಎಂದಳು. ಕ್ಷಮಿಸಿ ಎಂದು. ಗೆಳೆಯರು ಕನ್ನಡದಲ್ಲಿ, "ಇವ್ರಿಗೆಲ್ಲ ಎಷ್ಟ್ ಹೇಳಿದ್ರೂ ಅಷ್ಟೇ ಬಿಡಿ ಸಾರ್" ಎಂದರು. ನಾನು ತಲೆಯಾಡಿಸಿದೆ. ಕಾರ್ಖಾನೆಯ ಅಪಘಾತದ ವರದಿಗಳಲ್ಲಿ 'ಕಾರ್ಮಿಕರ ಅಜಾಗರೂಕತೆ' ಎಂದು ಯಾರಾದರೂ ಬರೆದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುವ ಮನುಷ್ಯ ನಾನು.

ಮರುದಿನ ಪ್ಲಗ್ ಬದಲಿಸಿದೆ, ಮುಚ್ಚಳ ಕೂರಿಸಿದೆ, ಡ್ರಮ್ಮಿಗೆ ಬೇರೆಯಾಗಿ ಅರ್ಥ್ ಎಳೆದೆ, ಕರೆಂಟ್ ಸೋರಿದರೆ ತಾನೇ ಬೀಳುವ ಟ್ರಿಪ್ ಸ್ವಿಚ್ಚನ್ನೂ ಹಾಕಿದೆ. ಈಗ ಯಾರು ಬಂದು ನೋಡಿದರೂ ಎಲ್ಲ ಕ್ರಮಬದ್ಧ. ಸಾಕ್ಷಿಯನ್ನು ಇಷ್ಟು ಅಚ್ಚುಕಟ್ಟಾಗಿ ಅಳಿಸಿದವರು ಕಡಿಮೆ.

ಹೆಂಡತಿ ನನ್ನ ಮಾತನ್ನೇ ನಂಬಿದಳು. "ನೋಡಿ, ಆಕೆಗೆ ಗಮನ ಕಡಿಮೆ ಆಗಿದೆ. ಇಸ್ತ್ರಿ, ವಾಷಿಂಗ್ ಮೆಷಿನ್ ಎಲ್ಲ ಮುಟ್ತಾಳೆ. ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ತಿಂಗಳ ಕೊನೆಗೆ ಬೇರೆಯವ್ರನ್ನ ನೋಡೋಣ." ನಾನು "ಹೂಂ" ಎಂದೆ. ಮಾಮಾಗೂ ತಿಳಿಸಿಯಾಯಿತು. ಒಂದೇ ಮಾತಿನಿಂದ ಅದನ್ನು ತಡೆಯಬಹುದಿತ್ತು. ದಿನವೂ ಕಾರ್ಖಾನೆಯಿಂದ ಬರುವಾಗ ಆ ಮಾತನ್ನು ಸಿದ್ಧಮಾಡಿಕೊಂಡು, ಗೇಟಿನಲ್ಲಿ ಇಳಿಯುವಾಗ ಕಾರಿನಲ್ಲೇ ಬಿಟ್ಟು ಬರುತ್ತಿದ್ದೆ.

ತಿಂಗಳ ಕೊನೆಯ ವಾರ ಮಾಮಾ ನನ್ನ ಬಳಿ ಬಂದಳು. ಇಲ್ಲಿ ಮನೆಗೆಲಸಕ್ಕೆ ಸೇರಬೇಕಾದರೆ ಹಳೇ ಮನೆಯವರ ಪತ್ರ ಕೇಳುತ್ತಾರೆ. "ಬಾಸ್, ಗಿಗಿರಿ ಬಡಾವಣೆಯ ಒಂದು ಮನೆಯಲ್ಲಿ ಕೆಲಸವಿದೆಯಂತೆ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ನೀವೇ ಬರೆಯಿರಿ. ನಾನು ಜಾಗರೂಕಳು ಅಂತ ಒಂದು ಸಾಲು ಹಾಕಿ."

ಕೂತೆ. ಹೆಸರು ಬರೆದೆ, ಎಷ್ಟು ವರ್ಷ ಎಂದು ಬರೆದೆ. ಆ ಒಂದು ಸಾಲಿಗೆ ಬಂದಾಗ ಪೆನ್ನು ನಿಂತಿತು. ಆಕೆ ಜಾಗರೂಕಳು ಎಂಬುದು ನಿಜವಾದರೆ, ಈ ಪತ್ರವೇ ಬೇಕಾಗಿರಲಿಲ್ಲ.

ಹೆಂಡತಿಗೆ ಹೇಳಿದೆ. ಪ್ಲಗ್, ಅಡಾಪ್ಟರ್, ಎಲ್ಲ. ಅವಳು ಅರ್ಧ ಬರೆದ ಪತ್ರವನ್ನು ಎತ್ತಿ ಓದಿದಳು. ಆಮೇಲೆ ಕೇಳಿದಳು: "ರೀ, ಇದನ್ನೇ ನಿಮ್ಮ ಫ್ಯಾಕ್ಟರೀಲಿ ಇನ್ಯಾರಾದ್ರೂ ಮಾಡಿದ್ದಿದ್ರೆ ಅವರನ್ನ ಕೆಲಸದಲ್ಲಿ ಇಟ್ಕೋತಿದ್ರಾ?"

ಇಬ್ಬರೂ ಮಾಮಾಳ ಬಳಿ ಹೋದೆವು. ಆಕೆ ಇಸ್ತ್ರಿ ಮಾಡುತ್ತಿದ್ದಳು. ತಪ್ಪು ನನ್ನದು, ನೀನು ಎಲ್ಲಿಗೂ ಹೋಗಬೇಕಾಗಿಲ್ಲ ಎಂದೆ. ಆಕೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

"ನನಗೆ ಗೊತ್ತಿತ್ತು ಬಾಸ್. ನನ್ನ ತಮ್ಮ ಕರೆಂಟ್ ಕೆಲಸದವನು. ಒಳ್ಳೇ ವೈರಿಂಗ್ ಆದ್ರೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೂ ಹೊಡೆಯಲ್ಲ ಅಂದ."

"ಮತ್ತೆ ಯಾಕೆ ಸಮಹಾನಿ ಅಂದೆ?"

"ಮನೆಯಲ್ಲಿ ಅತಿಥಿ ಇದ್ರು."

ಆಮೇಲೆ ಸೇರಿಸಿದಳು: "ಆ ಅತಿಥಿಗೂ ಹೇಳಿ. ಅವರ ಮುಂದೆ ಬೈದಿರಿ."

ಅಲ್ಲೇ ಫೋನ್ ಮಾಡಿದೆ. ಕನ್ನಡದಲ್ಲಿ ಹೇಳಿದೆ. ಗೆಳೆಯರು ನಕ್ಕರು. "ಅಯ್ಯೋ, ನೀವು ವಿಪರೀತ ಯೋಚ್ನೆ ಮಾಡ್ತೀರ ಸಾರ್. ಆಕೆ ಕೈ ಒದ್ದೆ ಇತ್ತೋ ಇಲ್ವೋ?" ನನ್ನ ಬಾಯಿ ಮತ್ತೆ ನನ್ನ ಕೈಬಿಟ್ಟಿತು. "ಇತ್ತು, ಅದೂ ನಿಜಾನೇ..." ಎಂದು ನಾನೂ ನಕ್ಕೆ.

ಫೋನ್ ಇಟ್ಟಾಗ ಮಾಮಾ ಕೇಳಿದಳು: "ಏನಂದ್ರು?"

"ಸಾರಿ ಹೇಳಿದ್ರು," ಎಂದೆ.

"ಅಸಾಂಟೆ," ಎಂದಳು ಆಕೆ, ಧನ್ಯವಾದ ಎಂದು, ನನಗೆ.

ಫೋನಿನಲ್ಲಿ ಆಡಿದ ಕನ್ನಡವೂ ಮಾಮಾಗೆ ಹೇಳಿದ ಸುಳ್ಳೂ ಎರಡೂ ಅರ್ಥವಾದವಳು, ನನ್ನನ್ನು ಬಿಟ್ಟರೆ, ಆ ಕೋಣೆಯಲ್ಲಿ ನನ್ನ ಹೆಂಡತಿಯೊಬ್ಬಳೇ. ಅವಳು ಫೋನನ್ನು ತೆಗೆದು ಮತ್ತೆ ನನ್ನ ಕೈಗೆ ಕೊಟ್ಟಳು. "ಇನ್ನೊಂದ್ಸಲ ಮಾಡಿ. ಸ್ಪೀಕರ್ ಹಾಕಿ. ಇಂಗ್ಲಿಷಲ್ಲಿ ಹೇಳಿ."

ಹೇಳಿದೆ. ಹೇಳುವಾಗ ಯಾರ ಮುಖವನ್ನೂ ನೋಡಲಾಗದೆ, ಮಡಿಸಿಟ್ಟಿದ್ದ ನನ್ನದೇ ಅಂಗಿಗಳನ್ನು ನೋಡುತ್ತಿದ್ದೆ.